ಸಂವಿಧಾನದಲ್ಲಿ ಜಾಗ ಸಿಕ್ಕ ಭಾಷೆ ಮನೆಯಲ್ಲಿ ಯಾಕೆ ಉಳಿಯಲ್ಲ?

ಹೊಂಗೆನೆರಳು ಕೇಳಿದ್ದು:

ವಸಾಹತು ಆಳ್ವಿಕೆ ತೊಲಗಿದ ಮೇಲೆ ಮೂಲನಿವಾಸಿಗಳ ಭಾಷೆಗಳು ಏನಾದವು ಅನ್ನೋದರ ಬಗ್ಗೆ ಓದು ಬಳಗವೊಂದಕ್ಕೆ ಟಿಪ್ಪಣಿ ತಯಾರು ಮಾಡ್ತಿದ್ದೇನೆ. ಎಷ್ಟು ಓದಿದರೂ ಒಂದೇ ಕಡೆ ಬಂದು ನಿಲ್ಲುತ್ತೆ. ಪೆರು ದೇಶ 1975ರಲ್ಲೇ ಕೆಚುವಾ ಭಾಷೆಗೆ ಅಧಿಕೃತ ಸ್ಥಾನ ಕೊಟ್ಟಿತು. ದಕ್ಷಿಣ ಆಫ್ರಿಕಾದ 1996ರ ಸಂವಿಧಾನದಲ್ಲಿ 11 ಭಾಷೆಗಳಿದ್ದವು, 2023ರಲ್ಲಿ ಸನ್ನೆ ಭಾಷೆಯೂ ಸೇರಿ 12 ಆದವು. ಬೊಲಿವಿಯಾದ 2009ರ ಸಂವಿಧಾನ 36 ಮೂಲನಿವಾಸಿ ಭಾಷೆಗಳನ್ನು ಹೆಸರು ಹಿಡಿದು ಪಟ್ಟಿ ಮಾಡಿದೆ. ಇಷ್ಟೆಲ್ಲ ಆದರೂ ಇವುಗಳಲ್ಲಿ ಎಷ್ಟೋ ಭಾಷೆಗಳು ಮಕ್ಕಳ ಬಾಯಿಂದ ಜಾರುತ್ತಲೇ ಇವೆ. ಇದು ಬರೀ ಮೂಗಿಗೆ ತುಪ್ಪ ಸವರುವ ಕೆಲಸವೋ, ಕಾನೂನಿನಿಂದ ಏನಾದರೂ ಉಪಯೋಗ ಇದೆಯೋ?

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಊಹೆಯ ಸ್ಥಿತಿ ಇಡ್ತೇನೆ. ಒಂದು ಭಾಷೆ. ಸರಾಗವಾಗಿ ಆಡುವವರು 60 ಜನ, ಎಲ್ಲರೂ 55 ದಾಟಿದವರು. ನಡುವಯಸ್ಸಿನವರಿಗೆ ಅರ್ಥವಾಗುತ್ತೆ, ಬಾಯಿಗೆ ಬರಲ್ಲ. ಮಕ್ಕಳಿಗೆ ನಾಲ್ಕು ಪದ ಗೊತ್ತು. ಮಿಷನರಿಗಳು ಮಾಡಿಟ್ಟ ಹಳೆಯ ನಿಘಂಟು ಮತ್ತು ಬೈಬಲ್ ಅನುವಾದ ಇವೆ. ಕೈಯಲ್ಲಿರೋದು ಒಂದು ಕಟ್ಟಡ, ಇಬ್ಬರ ಸಂಬಳಕ್ಕಾಗುವಷ್ಟು ದುಡ್ಡು, ಮೂರು ವರ್ಷದ ಗಡುವು. ಎಲ್ಲಿಂದ ಶುರು ಮಾಡಬೇಕು? ನಿಘಂಟು ಪರಿಷ್ಕರಣೆಯೋ, ಲಿಪಿಯೋ, ಶಾಲೆಯೋ? ಇನ್ನೊಂದು ಮಾತು: ಭಾಷೆ ಬಾರದವರು ಆ ಸಮುದಾಯದ ಗುರುತು ಹೇಳಿಕೊಳ್ಳೋದನ್ನು ಹೇಗೆ ನೋಡಬೇಕು?

ತೊಟ್ಟಿಲಮಾತು:

ಮೊದಲು ಶಾಲೆಯಲ್ಲಿ ಮಕ್ಕಳ ಕೊರಳಿಗೆ ಹಾಕ್ತಿದ್ದ ಬಿಲ್ಲೆಯ ವಿಷಯ ತಿಳ್ಕೊಳ್ಳಿ. ಉಳಿದದ್ದು ತಾನಾಗೇ ಅರ್ಥವಾಗುತ್ತೆ.

ವೇಲ್ಸ್‌ನ ಶಾಲೆಗಳಲ್ಲಿ ಒಂದು ಮರದ ತುಂಡು ಇರ್ತಿತ್ತು. ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಅದನ್ನು ನೇತುಹಾಕೋದು. ಆ ಮಗು ಅದನ್ನು ಕಳಚಬೇಕಂದರೆ ವೆಲ್ಷ್ ಆಡಿದ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಸಂಜೆ ಗಂಟೆ ಹೊಡೆಯುವಾಗ ಅದು ಯಾರ ಕೊರಳಲ್ಲಿದೆಯೋ ಅವರಿಗೆ ಏಟು. ಫ್ರಾನ್ಸ್‌ನ ಬ್ರಿಟನಿಯಲ್ಲಿ ಇದೇ ಪದ್ಧತಿ ಇತ್ತು. ಜಪಾನ್ ಕೈಸೇರಿದ ಓಕಿನಾವಾದಲ್ಲಿ ಇದರ ಹೆಸರು ‘ಹೋಗೆನ್ ಫುಡಾ’, ಅಂದರೆ ಆಡುನುಡಿಯ ಪಟ್ಟಿ. ಕೆನ್ಯಾದಲ್ಲಿ ಮಕ್ಕಳ ಕೈಯಿಂದ ಕೈಗೆ ಒಂದು ಗುಂಡಿ ದಾಟಿಸಿ ಗಿಕುಯು ಆಡಿದವರನ್ನು ಪತ್ತೆ ಮಾಡ್ತಿದ್ದರು, ‘ನಾನು ಕತ್ತೆ’ ಅಂತ ಬರೆದ ಲೋಹದ ತಗಡನ್ನು ಕೊರಳಿಗೆ ಹಾಕ್ತಿದ್ದರು ಅಂತ ಲೇಖಕ ಗೂಗಿ ವಾ ಥಿಯಾಂಗೊ ದಾಖಲಿಸಿದ್ದಾರೆ. ಮೇಷ್ಟರು ಕಾವಲು ಕಾಯಬೇಕಾಗಿಯೇ ಇಲ್ಲ, ಮಕ್ಕಳೇ ಮಕ್ಕಳ ಮೇಲೆ ಗೂಢಚಾರರು. ಈ ಮಕ್ಕಳು ಬೆಳೆದು ತಾಯ್ತಂದೆ ಆದಾಗ ತಮ್ಮ ಮಕ್ಕಳ ಜೊತೆ ಆ ಮಾತು ಆಡಲಿಲ್ಲ. ಅವರಿಗೆ ಭಾಷೆಯ ಮೇಲೆ ದ್ವೇಷವೇನೂ ಇರಲಿಲ್ಲ, ತಾವು ತಿಂದ ಏಟು ಮಕ್ಕಳಿಗೆ ಬೀಳಬಾರದು ಅಷ್ಟೇ. ಆಡಳಿತ ಬದಲಾಯ್ತು, ಬಾವುಟ ಬದಲಾಯ್ತು, ಗೆಜೆಟ್‌ನಲ್ಲಿ ಅಧಿಕೃತ ಅಂತ ಬಂತು. ಅಮ್ಮನ ಬಾಯಿ ಮಾತ್ರ ಅಷ್ಟು ಹೊತ್ತಿಗೆ ಕಟ್ಟಿಹೋಗಿತ್ತು. ಕಾನೂನು ಕಚೇರಿಯ ಬಾಗಿಲು ತೆಗೀಬಹುದು, ಈ ಬಾಯಿ ಬಿಡಿಸೋಕೆ ಅದರಿಂದಾಗಲ್ಲ.

ಹಾಗಂತ ಕಾನೂನು ವ್ಯರ್ಥ ಅನ್ನಬೇಡಿ. ಅದು ಕೆಲಸಕ್ಕೆ ಬರೋದು ಬೇರೆ ಜಾಗದಲ್ಲಿ. ಆಮೇಲೆ ಅಮೆರಿಕಕ್ಕೆ ಸೇರಿದ ಹವಾಯಿಯನ್ನೇ ತಗೊಳ್ಳಿ. ಅಲ್ಲಿನ ರಾಣಿಯನ್ನು 1893ರಲ್ಲಿ ಗದ್ದುಗೆಯಿಂದ ಇಳಿಸಿದರು, 1896ರ ಕಾನೂನು ಶಾಲೆಯ ಮಾಧ್ಯಮ ಇಂಗ್ಲಿಷ್ ಮಾತ್ರ ಅಂತ ಮಾಡಿತು. ಹವಾಯಿ ಭಾಷೆಗೆ 1978ರಲ್ಲಿ ಅಧಿಕೃತ ಸ್ಥಾನ ಸಿಕ್ಕರೂ 1896ರ ಆ ಅಡ್ಡಿ 1986ರವರೆಗೆ ಹಾಗೇ ಉಳಿದಿತ್ತು. ಈ ನಡುವೆ 1984ರಲ್ಲಿ ಕವಾಯಿ ದ್ವೀಪದಲ್ಲಿ ‘ಪೂನಾನ ಲೆಯೊ’, ಅಂದರೆ ಮಾತಿನ ಗೂಡು, ಶುರುವಾಯಿತು. ಅದಕ್ಕೆ ದೊಡ್ಡ ತೊಡಕಾಗಿದ್ದು ಶಿಶುವಿಹಾರದ ಪರವಾನಗಿ ನಿಯಮ. ಮಕ್ಕಳನ್ನು ನೋಡಿಕೊಳ್ಳುವವರಿಗೆ ಕಾಲೇಜಿನ ಸರ್ಟಿಫಿಕೇಟ್ ಬೇಕಂತೆ. ಭಾಷೆ ಬಲ್ಲ ಅಜ್ಜಿಗೆ ಅದೆಲ್ಲಿಂದ ಬರಬೇಕು? ಆ ನಿಯಮದಿಂದ ವಿನಾಯಿತಿ ಸಿಕ್ಕಿದ್ದು ಸಂವಿಧಾನದ ಸಾಲಿಗಿಂತ ಹೆಚ್ಚು ಉಪಯೋಗಕ್ಕೆ ಬಂತು ಅಂತ ನನ್ನ ಲೆಕ್ಕ. ಹೀಗಾಗಿ ನಿಮ್ಮ ಟಿಪ್ಪಣಿಯಲ್ಲಿ ‘ಸ್ಥಾನ ಕೊಟ್ಟ ಕಾನೂನು’ ಬೇರೆ, ‘ಅಡ್ಡಿ ತೆಗೆದ ಕಾನೂನು’ ಬೇರೆ ಅಂತ ಎರಡು ಕಂಬಸಾಲು ಮಾಡಿ. ಎರಡನೇ ಸಾಲು ಖಾಲಿ ಇರುವ ದೇಶಗಳನ್ನು ಗುರುತು ಮಾಡ್ತಾ ಹೋಗಿ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಗೂಡು ಅನ್ನೋ ಮಾದರಿ ಬಂದದ್ದು ನ್ಯೂಜಿಲೆಂಡಿನ ಮಾವೋರಿಗಳಿಂದ. ಅಲ್ಲಿ ಕ್ರಮ ನೋಡಿ: 1972ರಲ್ಲಿ 30,000ಕ್ಕೂ ಹೆಚ್ಚು ಸಹಿಯ ಮನವಿ ಸಂಸತ್ತಿಗೆ ಹೋಯಿತು. ಮೊದಲ ‘ಕೋಹಂಗ ರೆಯೊ’, ಅಂದರೆ ಭಾಷೆಯ ಗೂಡು, ವೆಲಿಂಗ್ಟನ್ ಪಕ್ಕದ ವೈನುಯಿಯೊಮಾಟಾದಲ್ಲಿ 1982ರಲ್ಲಿ ತೆರೆಯಿತು. ಭಾಷೆಗೆ ಅಧಿಕೃತ ಸ್ಥಾನ ಕೊಟ್ಟ ಕಾನೂನು ಬಂದದ್ದು 1987ರಲ್ಲಿ. ಅಂದರೆ ಗೂಡು ಮೊದಲು, ಗೆಜೆಟ್ ಆಮೇಲೆ.

ಗೂಡು ನಡೆಸೋದು ಹೇಗೆ ಅಂದರೆ, ಹುಟ್ಟಿದ ಮಗುವಿನಿಂದ ಐದು ವರ್ಷದವರೆಗೆ ಇಡೀ ದಿನ ಒಂದೇ ಭಾಷೆ. ಹೊಸ್ತಿಲು ದಾಟಿದ ಮೇಲೆ ದೊಡ್ಡವರಿಗೂ ಅದೇ ನಿಯಮ. ಮಾತು ಬಾರದ ಸಹಾಯಕರು ಇದ್ದರೆ ಸುಮ್ಮನಿದ್ದು ಕೆಲಸ ಮಾಡಬೇಕು, ಕಲಿತ ಹತ್ತು ವಾಕ್ಯ ಮಾತ್ರ ಬಳಸಬೇಕು. ಸಹಾಯಕರು ಬೇಕೇ ಬೇಕು, ಯಾಕಂದರೆ ಎಪ್ಪತ್ತರ ಅಜ್ಜಿ ಎರಡು ವರ್ಷದ ಮಗುವನ್ನು ದಿನಕ್ಕೆ ಇಪ್ಪತ್ತು ಸಲ ಎತ್ತಿ ಇಳಿಸಲಾರರು. ಅಜ್ಜಿಯ ಕೆಲಸ ಮಾತಾಡೋದು. ಎತ್ತೋದು, ತೊಳೆಯೋದು, ಒರೆಸೋದು ಇನ್ನೊಬ್ಬರದು. ಈ ವಿಭಜನೆ ಮಾಡದ ಕಡೆ ಮೂರೇ ತಿಂಗಳಿಗೆ ಹಿರಿಯರು ಬರೋದು ನಿಲ್ಲಿಸುತ್ತಾರೆ.

ಕೆಡೋದು ಎಲ್ಲಿ? ಮಾವೋರಿ ಗೂಡಿನ ಮೊದಲ ತಂಡದ ಮಕ್ಕಳು ಐದು ತುಂಬಿ ಇಂಗ್ಲಿಷ್ ಪ್ರಾಥಮಿಕ ಶಾಲೆಗೆ ಹೋದದ್ದೇ ತಡ, ಕಲಿತ ಮಾತು ಕಳಚಿಕೊಂಡಿತು. ಅದಕ್ಕೇ 1985ರಲ್ಲಿ ಮಾವೋರಿ ಮಾಧ್ಯಮದ ಪ್ರಾಥಮಿಕ ಶಾಲೆ ಕಟ್ಟಬೇಕಾಯ್ತು. ಗೂಡು ತೆರೆದ ದಿನವೇ ಐದನೇ ವರ್ಷದ ಮುಂದಿನ ದಾರಿ ಗೊತ್ತಿರಬೇಕು. ಇನ್ನೊಂದು, ಪ್ರಮಾಣ. ನ್ಯೂಜಿಲೆಂಡಿನಲ್ಲಿ ಅನುದಾನಕ್ಕೆ ಹಂತಗಳಿವೆ: ಬೋಧನೆಯ ಹೊತ್ತಿನಲ್ಲಿ 81ರಿಂದ 100 ಶೇಕಡಾ ಮಾವೋರಿ ಇದ್ದರೆ ಮೊದಲ ಹಂತ, 51ರಿಂದ 80 ಎರಡನೆಯದು, 31ರಿಂದ 50 ಮೂರನೆಯದು. ಅರ್ಧಕ್ಕಿಂತ ಕೆಳಗಿಳಿದರೆ ಮಕ್ಕಳಿಗೆ ಹಾಡು, ಬಣ್ಣ, ಎಣಿಕೆ ಬರುತ್ತೆ. ಜಗಳ ಆಡೋಕೆ ಬರಲ್ಲ. ಮಕ್ಕಳು ಆ ಭಾಷೆಯಲ್ಲಿ ಜಗಳ ಆಡಿದರೆ ಕೆಲಸ ಆಗ್ತಿದೆ ಅಂತ ತಿಳಿಯಿರಿ. ‘ಹಾಗಾದರೆ ಇಂಗ್ಲಿಷ್ ಗತಿ ಏನು’ ಅಂತ ಹೆತ್ತವರು ಕೇಳ್ತಾರೆ. ಹವಾಯಿಯ ಮಾಧ್ಯಮ ಶಾಲೆಗಳಲ್ಲಿ ಐದನೇ ತರಗತಿಯಿಂದ ದಿನಕ್ಕೆ ಸುಮಾರು ಒಂದು ಗಂಟೆ ಇಂಗ್ಲಿಷ್ ಇಟ್ಟರು. ಸುತ್ತಮುತ್ತ ಪೂರ್ತಿ ಅದೇ ಇರೋವಾಗ ಅದನ್ನು ಕಾಪಾಡುವ ಕಷ್ಟ ಯಾರಿಗೂ ಇಲ್ಲ.

ಕಾಗುಣಿತ:

ತೊಟ್ಟಿಲಮಾತು ಅವರು ಹೇಳಿದ್ದಕ್ಕೆ ತಕರಾರಿಲ್ಲ. ಬರವಣಿಗೆಯ ವಿಷಯ ಮಾತ್ರ ನಾನು ಹೇಳ್ತೇನೆ, ಯಾಕಂದರೆ ಸಮಿತಿಗಳು ಮುರಿದುಬೀಳೋದು ಹೆಚ್ಚಾಗಿ ಇಲ್ಲೇ.

ಮೊದಲ ಎಚ್ಚರಿಕೆ: ಮಿಷನರಿಗಳ ಕಾಗುಣಿತ ಭಾಷೆಯ ಗಡಿಯನ್ನೇ ಗೀಚಿರುತ್ತೆ. ಸೆಸೋತೊ ಭಾಷೆ ಲೆಸೋತೊದಲ್ಲೂ ಇದೆ, ದಕ್ಷಿಣ ಆಫ್ರಿಕಾದಲ್ಲೂ ಇದೆ. ಭಾಷೆ ಒಂದು, ಕಾಗುಣಿತ ಎರಡು. ‘ಡಿ’ ಅನ್ನೋ ದನಿಯನ್ನು ದಕ್ಷಿಣ ಆಫ್ರಿಕಾದಲ್ಲಿ ಡ ಅಕ್ಷರದಿಂದ, ಲೆಸೋತೊದಲ್ಲಿ ಲ ಅಕ್ಷರದಿಂದ ಬರೀತಾರೆ. ಹಾಗಾಗಿ ಒಂದೇ ಚರಿತ್ರೆಯ ಘಟನೆ ಒಂದು ಪುಸ್ತಕದಲ್ಲಿ ‘ಡಿಫಕಾನೆ’, ಇನ್ನೊಂದರಲ್ಲಿ ‘ಲಿಫಕಾನೆ’ ಅಂತ ಕಾಣುತ್ತೆ. ಹೊರಗಿನವರು ಇಂಗ್ಲಿಷ್ ಪುಸ್ತಕದಲ್ಲಿ ನೋಡಿ ಎರಡನ್ನೂ ಬೇರೆ ಬೇರೆ ಓದ್ತಾರೆ. ನಿಘಂಟು ಮಾಡಿದವರು ಯಾವ ಊರಿನ ಮಾತು ಕೇಳಿದ್ದರು, ಅವರ ತಾಯ್ನುಡಿ ಯಾವುದು ಅನ್ನೋದನ್ನು ಮೊದಲು ಬರೆದಿಟ್ಟುಕೊಳ್ಳಿ. ಅವರ ಕಿವಿಗೆ ಬೀಳದ ದನಿ ಅವರ ನಿಘಂಟಿನಲ್ಲಿ ಇರಲ್ಲ.

ಬೀಳದ ದನಿಗೆ ಹವಾಯಿಯದು ಒಳ್ಳೇ ಉದಾಹರಣೆ. ಅಲ್ಲಿ ಗಂಟಲಲ್ಲಿ ಉಸಿರು ಚಣಕಾಲ ತಡೆದು ಬಿಡುವ ದನಿ ಒಂದು ವ್ಯಂಜನ. ಅದರ ಗುರುತಿಗೆ ‘ಓಕಿನ’ ಅಂತಾರೆ. ದೀರ್ಘಕ್ಕೆ ಮೇಲೆ ಗೆರೆ, ಅದು ‘ಕಹಕೋ’. ಹಳೆಯ ಮುದ್ರಣದಲ್ಲಿ ಇವೆರಡೂ ಇಲ್ಲದೆ ಮೂರೇ ಅಕ್ಷರ ಬಿದ್ದಿರುತ್ತೆ: ಪ, ಅ, ಉ. ಅದು ‘ಮುಗಿಯಿತು’ ಆಗಬಹುದು. ನಡುವೆ ತಡೆ ಇದ್ದರೆ ‘ಮಸಿ’. ತಡೆಯ ಜೊತೆ ಕೊನೆಯಲ್ಲಿ ದೀರ್ಘ ಇದ್ದರೆ ‘ಒದ್ದೆ’. ಎರಡೂ ಕಡೆ ದೀರ್ಘ ಇದ್ದರೆ ‘ಲಂಗ’. ಮಾತೃಭಾಷಿಕರಿಗೆ ಸಂದರ್ಭ ನೋಡಿದರೆ ಸಾಕಿತ್ತು, ಗುರುತು ಬೇಕಿರಲಿಲ್ಲ. ಕಲಿಯುವವರಿಗೆ ಬೇಕು. ಈಗ ನಿಮ್ಮ ಕಾಗುಣಿತ ಯಾರಿಗೋಸ್ಕರ? ನೀವು ಕೊಟ್ಟ ಸ್ಥಿತಿಯಲ್ಲಿ ಓದುವವರೆಲ್ಲ ಕಲಿಯುವವರೇ. ಹಾಗಾಗಿ ದನಿ ಪೂರ್ತಿ ತೋರಿಸುವ ಬರವಣಿಗೆ ಬೇಕು.

ಮಾವೋರಿಯಲ್ಲೂ ಇದೇ ಕಥೆ. ‘ಕೆಕೆ’ ಅಂದರೆ ಕೇಕು, ‘ಕೇಕೇ’ ಅಂದರೆ ಕಂಕುಳು. ಹ್ರಸ್ವ ದೀರ್ಘ ಬೇರೆ ತೋರಿಸುವ ಲಿಪಿಯಲ್ಲಿ ಬೆಳೆದ ನಮಗೆ ಇದೇನು ದೊಡ್ಡ ಸಂಗತಿ ಅನ್ನಿಸುತ್ತೆ. ಟೈಪ್‌ರೈಟರ್‌ನಲ್ಲಿ ಮೇಲುಗೆರೆ ಇಲ್ಲದ ಕಾಲದಲ್ಲಿ ಒಂದು ಪಂಗಡ ಸ್ವರವನ್ನು ಎರಡು ಸಲ ಬರೆಯಿತು, ಇನ್ನೊಂದು ಗೆರೆಯೇ ಬೇಕು ಅಂತು. ಕೊನೆಗೆ 1987ರಲ್ಲಿ ಹುಟ್ಟಿದ ಭಾಷಾ ಆಯೋಗ ಗೆರೆಯನ್ನು ಹಿಡಿಯಿತು.

ಓಕಿನವನ್ನು ಕಂಪ್ಯೂಟರಿನಲ್ಲಿ ಹೊಡೆಯೋವಾಗ ಆಗುವ ತಪ್ಪು ಪ್ರಪಂಚದ ಎಷ್ಟೋ ಭಾಷೆಗಳಿಗೆ ಅನ್ವಯ. ಕೈಗೆ ಸಿಗುವ ಅಪಾಸ್ಟ್ರಫಿ ಒತ್ತಿಬಿಡ್ತಾರೆ. ಅದು ತಂತ್ರಾಂಶದ ಕಣ್ಣಿಗೆ ವಿರಾಮಚಿಹ್ನೆ. ಪದದ ಮೇಲೆ ಎರಡು ಸಲ ಒತ್ತಿದರೆ ಎಷ್ಟೋ ಕಡೆ ಅರ್ಧ ಪದ ಮಾತ್ರ ಆಯ್ಕೆಯಾಗುತ್ತೆ, ಹುಡುಕಿದರೆ ಸಿಗಲ್ಲ, ಅಕಾರಾದಿ ಕೆಡುತ್ತೆ, ಅರ್ಜಿಯ ನಮೂನೆ ಹೆಸರನ್ನೇ ‘ತಪ್ಪು ಅಕ್ಷರ’ ಅಂತ ತಿರಸ್ಕರಿಸುತ್ತೆ. ಓಕಿನಕ್ಕೆ ಯೂನಿಕೋಡ್‌ನಲ್ಲಿ ಬೇರೆಯೇ ಸಂಕೇತ ಇದೆ, 02ಬಿಬಿ. ಅದು ಅಕ್ಷರದ ಜಾತಿಗೆ ಸೇರಿದ್ದು. ಹೀಗಾಗಿ ಕಾಗುಣಿತ ಗೊತ್ತು ಮಾಡುವ ಸಭೆಗೇ ಕೀಬೋರ್ಡ್ ಮಾಡುವವರನ್ನು ಕರೀಬೇಕು. ಮೊದಲು ಫೋನಿನ ಕೀಬೋರ್ಡ್, ಆಮೇಲೆ ಕಂಪ್ಯೂಟರಿನದು. ಐದು ಸಾವಿರ ಪದ ಒಂದು ಚಿಹ್ನೆಯಲ್ಲಿ, ಇನ್ನೈದು ಸಾವಿರ ಇನ್ನೊಂದರಲ್ಲಿ ಹೊಡೆದ ಮೇಲೆ ಸರಿಮಾಡೋದು ನಾಯಿಪಾಡು.

ಲಿಪಿ ಆಯ್ಕೆ ಗುರುತಿನ ಪ್ರಶ್ನೆಯೂ ಹೌದು. ಮೊರಾಕೊ 2003ರಲ್ಲಿ ಅಮಾಜಿಗ್ (ಬರ್ಬರ್) ಭಾಷೆಗೆ ಅರಬ್ಬಿಯೂ ಬೇಡ, ಲ್ಯಾಟಿನ್ನೂ ಬೇಡ ಅಂತ 33 ಅಕ್ಷರಗಳ ತಿಫಿನಾಗ್ ಲಿಪಿ ಆರಿಸಿಕೊಂಡಿತು. ಎರಡೂ ಬಣಕ್ಕೆ ಸೋಲಾಗದ ರಾಜಿ, ನೋಡೋಕೂ ಚೆಂದ. ಬೆಲೆ ಏನಂದರೆ ಮಗು ಮೂರನೇ ಲಿಪಿ ಕಲೀಬೇಕು. ಪಕ್ಕದ ಅಲ್ಜೀರಿಯಾದಲ್ಲಿ ಮೂರೂ ಲಿಪಿಯ ಜಗಳ ನಡೀತಾನೇ ಇದೆ.

ಜಗಳಗಳ ರಾಜ ಅಂದರೆ ಕೆಚುವಾ ಸ್ವರಗಳದು. ಮೂರು ಸ್ವರವೋ ಐದೋ? ಈ ಭಾಷೆಯಲ್ಲಿ ಅ, ಇ, ಉ ಮಾತ್ರ ಮೂಲಸ್ವರ. ಗಂಟಲಾಳದ ‘ಕ’ ಪಕ್ಕದಲ್ಲಿ ಬಂದರೆ ‘ಇ’ ತಾನಾಗೇ ‘ಎ’ ಥರ, ‘ಉ’ ತಾನಾಗೇ ‘ಒ’ ಥರ ಕೇಳುತ್ತೆ. ತಾನಾಗೇ ಆಗೋದನ್ನು ಬರೆಯಬೇಕಿಲ್ಲ ಅಂತ 1985ರ ಅಧಿಕೃತ ಅಕ್ಷರಮಾಲೆ ಮೂರನ್ನೇ ಇಟ್ಟಿತು. ಕುಸ್ಕೊ ನಗರದ ಅಕಾಡೆಮಿ ಐದನ್ನೇ ಹಿಡಿದು ಕೂತಿದೆ. ಊರಿನ ಹೆಸರನ್ನು ಒಬ್ಬರು ‘ಕುಸ್ಕು’ ಅಂತ, ಇನ್ನೊಬ್ಬರು ‘ಕೊಸ್ಕೊ’ ಅಂತ ಬರೀತಾರೆ, ಬಾಯಲ್ಲಿ ಹೇಳೋದು ಇಬ್ಬರೂ ಒಂದೇ. ಭಾಷಾಶಾಸ್ತ್ರ ಮೂರರ ಪರ. ಆದರೆ ಸ್ಪ್ಯಾನಿಷ್ ಓದಲು ಕಲಿತ ಕಣ್ಣು ಮೂರು ಸ್ವರದ ಪುಸ್ತಕ ನೋಡಿ ‘ಇದು ನಮ್ಮ ಮಾತಲ್ಲ’ ಅನ್ನುತ್ತೆ, ಪುಸ್ತಕ ಕಪಾಟಿಗೆ ಹೋಗುತ್ತೆ.

ನಿಮ್ಮ 60 ಜನಕ್ಕೆ: ಮೊದಲ ವರ್ಷ ಕಾಗುಣಿತ ಮುದ್ರೆ ಒತ್ತಬೇಡಿ, ‘ಸದ್ಯದ ಬರವಣಿಗೆ’ ಅಂತಲೇ ಕರೀರಿ. ಒಂದೇ ದನಿಯ ವ್ಯತ್ಯಾಸದಿಂದ ಅರ್ಥ ಬದಲಾಗುವ ಪದಜೋಡಿ ಮೂವತ್ತು ನಲವತ್ತು ಹುಡುಕಿ. ಹತ್ತು ವಾಕ್ಯ ಬರೆದು ಮೂರು ತಲೆಮಾರಿನವರಿಂದ ಗಟ್ಟಿಯಾಗಿ ಓದಿಸಿ, ಎಲ್ಲರೂ ಎಡವುವ ಅಕ್ಷರ ಯಾವುದು ಅಂತ ಗುರುತು ಹಾಕಿ. ಪಂಡಿತರ ಮತಕ್ಕಿಂತ ಈ ಪಟ್ಟಿ ಮುಖ್ಯ.

ಹೊಂಗೆನೆರಳು:

ಇಬ್ಬರಿಗೂ ಧನ್ಯವಾದ. ಒಂದು ಸಂಶಯ. ಬಿಲ್ಲೆಯ ಕಾಲ ಮುಗಿದ ಮೇಲೂ, ಏಟು ತಿನ್ನದ ತಲೆಮಾರು ಕೂಡ ಯಾಕೆ ಹಳೆಯ ಒಡೆಯರ ಭಾಷೆಯನ್ನೇ ಕೇಳುತ್ತೆ? ದಕ್ಷಿಣ ಆಫ್ರಿಕಾದಲ್ಲಿ ತಾಯ್ನುಡಿಯ ಶಿಕ್ಷಣ ಮೊದಲಿಂದಲೂ ಇತ್ತಲ್ಲ?

ನೆಲದನಂಟು:

ಇತ್ತು, ಅದೇ ಸಮಸ್ಯೆ. 1953ರ ಬಾಂಟು ಶಿಕ್ಷಣ ಕಾಯ್ದೆಯ ಕೆಳಗೆ ಕಪ್ಪು ಮಕ್ಕಳಿಗೆ ಎಂಟು ವರ್ಷ ತಾಯ್ನುಡಿಯಲ್ಲೇ ಪಾಠ ಮಾಡಿದರು. ಉದ್ದೇಶ ಭಾಷೆಯ ಪ್ರೀತಿ ಅಲ್ಲ. ಜನರನ್ನು ಬುಡಕಟ್ಟು ಬುಡಕಟ್ಟಾಗಿ ಒಡೆದಿಡೋದು, ಕೂಲಿಗಿಂತ ಮೇಲೆ ಏರದಂತೆ ನೋಡಿಕೊಳ್ಳೋದು. ಮೇಲಿನ ತರಗತಿಗಳಲ್ಲಿ ಆಳುವ ಬಿಳಿಯರ ಭಾಷೆಯಾದ ಆಫ್ರಿಕಾನ್ಸ್ ಹೇರಿದಾಗ 1976ರ ಜೂನ್ 16ರಂದು ಸೊವೆಟೊದ ಮಕ್ಕಳು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಇಷ್ಟು ಕಂಡ ತಾಯ್ತಂದೆಗೆ ‘ತಾಯ್ನುಡಿ ಮಾಧ್ಯಮ’ ಅಂದರೆ ಕಳಪೆ ಶಾಲೆ ಅಂತಲೇ ಕೇಳಿಸುತ್ತೆ. ಹೀಗೆ ವರ್ಣಭೇದ ಮುಗಿದು ದಶಕಗಳಾದರೂ ಹೆಚ್ಚಿನ ಶಾಲೆಗಳಲ್ಲಿ ನಾಲ್ಕನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮವೇ ನಡೆಯಿತು. ಅವರಿಗೆ ಕೀಳರಿಮೆ ಅಂತ ದೂರುವವರ ಮಾತು ನನಗೆ ಒಪ್ಪಿಗೆ ಇಲ್ಲ. ಅವರ ಲೆಕ್ಕಾಚಾರ ಸರಿಯಾಗೇ ಇತ್ತು, ಕೈಗೆ ಸಿಕ್ಕ ಶಾಲೆಗಳು ಹಾಗಿದ್ದವು. ಈ ಭಾಷೆಗಳಲ್ಲಿ ಗಣಿತ, ವಿಜ್ಞಾನದ ಪಾಠ ಚೆನ್ನಾಗಿ ಆಗೋದನ್ನು ಕಣ್ಣಾರೆ ಕಂಡರೆ ಮಾತ್ರ ಅವರ ಲೆಕ್ಕ ಬದಲಾಗುತ್ತೆ.

ಒತ್ತಡ ಬರೀ ಹಳೆಯ ಒಡೆಯರ ಭಾಷೆಯಿಂದ ಅಂತಲೂ ಅಂದುಕೊಳ್ಳಬೇಡಿ. ಟಾಂಜಾನಿಯಾ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಸ್ವಾಹಿಲಿಯಲ್ಲಿ ದೇಶ ಕಟ್ಟಿತು, ದೊಡ್ಡ ಸಾಧನೆಯೇ. ಪ್ರಾಥಮಿಕ ಶಾಲೆ ಸ್ವಾಹಿಲಿಯಲ್ಲಿ, ಪ್ರೌಢಶಾಲೆ ಇಂಗ್ಲಿಷ್‌ನಲ್ಲಿ. ಉಳಿದ ನೂರಕ್ಕೂ ಹೆಚ್ಚು ಭಾಷೆಗಳಿಗೆ ಶಾಲೆಯಲ್ಲಿ ಎಲ್ಲೂ ಜಾಗ ಇಲ್ಲ. ಅಲ್ಜೀರಿಯಾ ಫ್ರೆಂಚರನ್ನು ಓಡಿಸಿ ಅರಬ್ಬಿಯನ್ನು ತಂದಿತು. 1980ರಲ್ಲಿ ತಿಜಿ ಊಜೂ ಊರಿನಲ್ಲಿ ಕಬೈಲ್ (ಅಲ್ಲಿನ ಅಮಾಜಿಗ್ ಜನರ ಒಂದು ಪಂಗಡ) ಕಾವ್ಯದ ಬಗ್ಗೆ ಆಗಬೇಕಿದ್ದ ಒಂದು ಉಪನ್ಯಾಸ ನಿಲ್ಲಿಸಿದ್ದಕ್ಕೆ ದೊಡ್ಡ ಪ್ರತಿಭಟನೆಯೇ ಎದ್ದಿತು. ತಮಾಜಿಗ್‌ಗೆ, ಅಂದರೆ ಅಮಾಜಿಗ್ ಭಾಷೆಗೆ, 2002ರಲ್ಲಿ ರಾಷ್ಟ್ರಭಾಷೆಯ, 2016ರಲ್ಲಿ ಅಧಿಕೃತ ಭಾಷೆಯ ಸ್ಥಾನ ಬಂದದ್ದು ಆ ದಾರಿಯಲ್ಲಿ.

ಪರಾಗ್ವೆಯನ್ನು ಎಲ್ಲರೂ ಗೆಲುವಿನ ಉದಾಹರಣೆ ಅಂತ ಕೊಡ್ತಾರೆ. ಗ್ವಾರಾನಿ ಅಲ್ಲಿ 1992ರಿಂದ ಸ್ಪ್ಯಾನಿಷ್ ಜೊತೆ ಅಧಿಕೃತ, ಹೆಚ್ಚಿನ ಜನ ಆಡ್ತಾರೆ. ಹತ್ತಿರದಿಂದ ನೋಡಿದರೆ ಎರಡು ಬಿರುಕು ಕಾಣುತ್ತೆ. ಒಂದು, ಮೂಲನಿವಾಸಿಗಳು ಅಂತ ಗುರುತಿಸಿಕೊಳ್ಳುವವರು ಅಲ್ಲಿ ಸುಮಾರು 2 ಶೇಕಡಾ ಮಾತ್ರ. ಭಾಷೆ ದೇಶದ್ದಾಯ್ತು, ಆ ಭಾಷೆ ಕೊಟ್ಟ ಜನ ನೆಲವಿಲ್ಲದೆ ಅಂಚಿನಲ್ಲೇ ಉಳಿದರು. ಇನ್ನೊಂದು, ಮನೆಯಲ್ಲಿ ಆಡೋದು ಸ್ಪ್ಯಾನಿಷ್ ಬೆರೆತ ‘ಜೊಪಾರಾ’. ನಾಲ್ಕರ ಆಚೆಗಿನ ಎಣಿಕೆ ಸ್ಪ್ಯಾನಿಷ್‌ನಲ್ಲೇ ನಡೀತಿತ್ತು. ಶಾಲೆ ಪಠ್ಯಪುಸ್ತಕದಲ್ಲಿ ಶುದ್ಧ ಗ್ವಾರಾನಿ ತಂದು, ಹೊಸ ಸಂಖ್ಯಾಪದ ಟಂಕಿಸಿ ಕೊಟ್ಟಿತು. ಮನೆಯಲ್ಲಿ ಗ್ವಾರಾನಿಯೇ ಆಡುವ ಮಗು ಗ್ವಾರಾನಿ ಪಾಠದಲ್ಲಿ ತಡವರಿಸುತ್ತೆ, ಅಪ್ಪನಿಗೆ ಹೇಳಿಕೊಡೋಕೆ ಬರಲ್ಲ. ಏಟು ಕೊಟ್ಟ ಶಾಲೆ ಈಗ ‘ನಿನ್ನ ಮಾತು ಶುದ್ಧವಿಲ್ಲ’ ಅಂತಿದೆ. ಮಗುವಿಗೆ ಎರಡೂ ಒಂದೇ.

ಗುರುತಿನ ಪ್ರಶ್ನೆಗೆ ನನ್ನ ಉತ್ತರ ಇದರಿಂದಲೇ ಬರುತ್ತೆ. ಭಾಷೆ ಬರುತ್ತಾ ಇಲ್ಲವಾ ಅನ್ನೋದನ್ನು ಸಮುದಾಯದ ಬಾಗಿಲಿಗೆ ಬೀಗ ಮಾಡಬೇಡಿ. ಮಾವೋರಿಗಳಲ್ಲಿ ಒಬ್ಬ ಮನುಷ್ಯ ಯಾರು ಅನ್ನೋದನ್ನು ‘ಫಕಪಪ’, ಅಂದರೆ ವಂಶಾವಳಿ, ಹೇಳುತ್ತೆ. ಮಾತು ಬಾರದಿದ್ದರೂ ಅದು ಅಳಿಯಲ್ಲ. ಅಮೆರಿಕದ ವಾಂಪನೋಆಗ್ ಜನ ಆ ಬೀಗ ಹಾಕಿಕೊಂಡಿದ್ದರೆ ಇವತ್ತು ಒಳಗೆ ಒಬ್ಬರೂ ಇರ್ತಿರಲಿಲ್ಲ. ಅವರ ಭಾಷೆಗೆ ನೂರೈವತ್ತು ವರ್ಷ ಮಾತುಗಾರರೇ ಇರಲಿಲ್ಲ. ಆ ಸಮುದಾಯದವರೇ ಆದ ಜೆಸ್ಸಿ ಲಿಟಲ್ ಡೋ ಬೇರ್ಡ್ 1993ರಲ್ಲಿ ಕೆಲಸ ಶುರು ಮಾಡಿ, ಎಂಐಟಿಯಲ್ಲಿ ಭಾಷಾಶಾಸ್ತ್ರ ಓದಿ, 1663ರಲ್ಲಿ ಅಚ್ಚಾದ ಮಿಷನರಿ ಬೈಬಲ್ ಮತ್ತು ಪೂರ್ವಜರು ತಮ್ಮ ಭಾಷೆಯಲ್ಲೇ ಬರೆದಿಟ್ಟ ಜಮೀನು ಪತ್ರ, ಉಯಿಲುಗಳಿಂದ ವ್ಯಾಕರಣ ಬಿಡಿಸಿದರು. ಅವರ ಮಗಳು ಆ ಭಾಷೆಯಲ್ಲೇ ಮಾತು ಕಲಿತಳು. ಮತಾಂತರಕ್ಕೆ ಅಚ್ಚು ಹಾಕಿಸಿದ ಪುಸ್ತಕ ಈ ಕೆಲಸಕ್ಕೆ ಬಂತು ನೋಡಿ. ನಿಮ್ಮ ಉದಾಹರಣೆಯಲ್ಲೂ ಬೈಬಲ್ ಇದೆ, ಎಸೀಬೇಡಿ.

ನಿಮ್ಮ 60 ಜನರ ವಿಷಯದಲ್ಲಿ ದೊಡ್ಡ ಅಪಾಯ ಹಿರಿಯರ ನಗು. ನಡುವಯಸ್ಸಿನವರು ಬಾಯಿ ಬಿಟ್ಟು ತಪ್ಪು ಹೇಳಿದ ಕೂಡಲೇ ಹಿರಿಯರು ನಗ್ತಾರೆ, ಪ್ರೀತಿಯಿಂದಲೇ. ಆ ಬಾಯಿ ಮತ್ತೆ ತೆರೆಯಲ್ಲ. ಮೊದಲ ದಿನವೇ ಒಪ್ಪಂದ ಆಗಲಿ: ನಗೋದೂ ಬೇಡ, ತಿದ್ದೋದೂ ಬೇಡ, ಅವರು ಹೇಳಬಯಸಿದ್ದನ್ನೇ ಸರಿಯಾದ ರೂಪದಲ್ಲಿ ತಿರುಗಿ ಹೇಳಿ ಮಾತು ಮುಂದುವರಿಸಿದರೆ ಸಾಕು.

ಸುರುಳಿಟೇಪು:

ಧ್ವನಿಮುದ್ರಣದ ಬಗ್ಗೆ ಯಾರೂ ಹೇಳಿಲ್ಲ. 60 ಜನ, 55ರ ಮೇಲೆ ಅಂದರೆ ಇದು ಕಾಯೋ ಕೆಲಸ ಅಲ್ಲ.

ಹಳೆಯ ದಾಖಲೆಗಳ ದೊಡ್ಡ ಕೊರತೆ ಏನು ಗೊತ್ತಾ? ಪುರಾಣ ಇರುತ್ತೆ, ಮಂತ್ರ ಇರುತ್ತೆ, ಗಿಡಮರದ ಹೆಸರು ಇರುತ್ತೆ. ‘ಚಪ್ಪಲಿ ಹಾಕ್ಕೋ’, ‘ಮೂಗು ಒರೆಸ್ಕೋ’, ‘ಯಾಕೋ ಇಷ್ಟು ಹೊತ್ತು’ ಇರಲ್ಲ. ಸಂಗ್ರಹಿಸಿದ ವಿದ್ವಾಂಸರಿಗೆ ಅದು ಬೇಕಿರಲಿಲ್ಲ. ಮಗುವಿನ ಜೊತೆ ಆ ಭಾಷೆ ಆಡಲು ಹೊರಟ ಅಮ್ಮನಿಗೆ ಬೇಕಾಗೋದು ಅದೇ. ಹಾಗಾಗಿ ಪದಪಟ್ಟಿ ಹಿಡಿದು ‘ಇದಕ್ಕೆ ಏನಂತೀರಿ’ ಅಂತ ಕೇಳುವ ಪದ್ಧತಿ ಬಿಡಿ. ಹಾಗೆ ಕೇಳಿದರೆ ಕೇಳಿದ ಭಾಷೆಯ ವಾಕ್ಯರಚನೆಯೇ ತಿರುಗಿ ಬರುತ್ತೆ. ಇಬ್ಬರು ಹಿರಿಯರನ್ನು ಒಟ್ಟಿಗೆ ಕೂರಿಸಿ, ಕೈಗೆ ಕೆಲಸ ಕೊಡಿ, ಮಾತು ತಾನಾಗಿ ಬರುತ್ತೆ. ಬೈಗುಳ, ಮುದ್ದು, ಚೌಕಾಸಿ, ಫೋನಿನ ಮಾತು, ಸಾವಿನ ಮನೆಯ ಮಾತು: ಇವಕ್ಕೆ ಬೇರೆ ಬೇರೆ ಕಡತ ಇರಲಿ.

ತಾಂತ್ರಿಕ ವಿಷಯ ಚುಟುಕಾಗಿ. ವೇವ್ ಕಡತ, 48 ಕಿಲೋಹರ್ಟ್ಸ್, 24 ಬಿಟ್, ಎಂಪಿ3 ಬೇಡ. ಎರಡು ವಾಹಿನಿಯಾದರೆ (ಸ್ಟೀರಿಯೊ) ಗಂಟೆಗೆ ಸುಮಾರು 1 ಜಿಬಿ. ಮೈಕು ಬಾಯಿಂದ ಒಂದು ಗೇಣಿನೊಳಗೆ, ಸ್ವಲ್ಪ ಓರೆಯಾಗಿ. ನೇರ ಇಟ್ಟರೆ ಉಸಿರು ಬಡಿಯುತ್ತೆ. ಶುರುವಿನಲ್ಲಿ ದಿನಾಂಕ, ಊರು, ಯಾರು, ಏನಕ್ಕೆ ಒಪ್ಪಿದ್ದಾರೆ ಅನ್ನೋದನ್ನು ಅವರ ಬಾಯಲ್ಲೇ ಹೇಳಿಸಿ. ಮೂರು ಪ್ರತಿ, ಒಂದು ಬೇರೆ ಊರಿನಲ್ಲಿ. ಒಂದು ಗಂಟೆಯ ಮಾತನ್ನು ಬರೆದು ಅರ್ಥ ಹಾಕಲು 40 ಗಂಟೆ ದಾಟೋದು ಸಾಮಾನ್ಯ, ಆದ್ದರಿಂದ 500 ಗಂಟೆ ಮುದ್ರಿಸಿ ರಾಶಿ ಹಾಕಬೇಡಿ. 60 ಗಂಟೆ ಮುದ್ರಿಸಿ ಪೂರ್ತಿ ಬರೆದರೆ ಅದು ಹೆಚ್ಚು ಬಾಳುತ್ತೆ.

ಒಪ್ಪಿಗೆಯನ್ನು ಹೌದು ಅಲ್ಲ ಅಂತ ಕೇಳಬೇಡಿ. ಎಲ್ಲರಿಗೂ, ಸಮುದಾಯಕ್ಕೆ ಮಾತ್ರ, ಮನೆಯವರಿಗೆ ಮಾತ್ರ, ನಾನು ಸತ್ತ ಮೇಲೆ ಹೀಗೆ, ಅಂತ ಹಂತ ಇರಲಿ. ಆಸ್ಟ್ರೇಲಿಯಾದ ವರುಮುಂಗು ಜನರ ಜೊತೆ ಕೂತು ಮಾಡಿದ ‘ಮುಕುರ್ತು’ ಅನ್ನೋ ತಂತ್ರಾಂಶ ಇದಕ್ಕೇ ಇದೆ. ಯಾರು ಯಾವುದನ್ನು ನೋಡಬಹುದು ಅನ್ನೋದನ್ನು ಸಮುದಾಯದ ಕಟ್ಟಳೆಯಂತೆ ಹೊಂದಿಸಬಹುದು. ಧ್ವನಿಯನ್ನು ದೊಡ್ಡ ಕಂಪನಿಗಳಿಗೆ ಕೊಡೋ ವಿಷಯದಲ್ಲಿ ಮಾವೋರಿ ರೇಡಿಯೊ ಸಂಸ್ಥೆ ತೆ ಹಿಕು ಮೀಡಿಯಾದ ದಾರಿ ನೋಡಿ: ಹತ್ತು ದಿನದಲ್ಲಿ 300 ಗಂಟೆಗೂ ಹೆಚ್ಚು ಓದಿದ ಧ್ವನಿ ಜನರಿಂದ ಕೂಡಿಸಿತು, ಆದರೆ ದತ್ತಾಂಶದ ಪಾಲನೆಯ ಹಕ್ಕು ತನ್ನ ಹತ್ತಿರವೇ ಇಟ್ಟುಕೊಂಡು ತಾನೇ ಮಾತು ಗುರುತಿಸುವ ತಂತ್ರಾಂಶ ಕಟ್ಟಿತು.

ಹೊಸ ಪದ ಬೇಕಾದಾಗ ನೆಂಟ ಭಾಷೆಗಳನ್ನು ನೋಡಿ. ಕಂಪ್ಯೂಟರಿಗೆ ಮಾವೋರಿಯಲ್ಲಿ ‘ರೊರೊಹಿಕೊ’, ಹವಾಯಿಯಲ್ಲಿ ‘ಲೊಲೊಉಯಿಲ’. ಎರಡರಲ್ಲೂ ಮೊದಲರ್ಧ ಮಿದುಳು, ಉಳಿದರ್ಧ ಮಿಂಚು ಅಥವಾ ವಿದ್ಯುತ್ತು. ರೊರೊ, ಲೊಲೊ ಒಂದೇ ಬೇರಿನವು. ಇಂಥ ಪದ ಬಾಯಿಗೆ ಬೇಗ ಹತ್ತುತ್ತೆ.

ಹೊಂಗೆನೆರಳು:

ಇಷ್ಟೆಲ್ಲದರಲ್ಲಿ ಇಬ್ಬರ ಸಂಬಳ ಎಲ್ಲಿಗೆ ಹಾಕೋದು? ತರಗತಿ ನಡೆಸೋಕಾ?

ತೊಟ್ಟಿಲಮಾತು:

ತರಗತಿಗೆ ಬೇಡ, ಲೆಕ್ಕ ಹಾಕಿ ನೋಡಿ. ವಾರಕ್ಕೆ ಒಂದು ಗಂಟೆಯ ತರಗತಿ, ವರ್ಷಕ್ಕೆ 40 ವಾರ, ಮೂರು ವರ್ಷಕ್ಕೆ 120 ಗಂಟೆ. ಅದರಲ್ಲಿ ಯಾರೂ ಮಾತುಗಾರರಾಗಲ್ಲ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು 1990ರ ದಶಕದಲ್ಲಿ ಗುರು-ಶಿಷ್ಯ ಪದ್ಧತಿ ಕಟ್ಟಿದರು. ಒಬ್ಬ ಹಿರಿಯರು, ಒಬ್ಬ ಕಲಿಯುವವರು, ವಾರಕ್ಕೆ 10ರಿಂದ 20 ಗಂಟೆ ಒಟ್ಟಿಗೆ. ಪುಸ್ತಕ ಇಲ್ಲ. ಬಟ್ಟೆ ಒಗೆಯೋದು, ಅಡುಗೆ, ನಡೆದಾಟ, ಎಲ್ಲ ಆ ಭಾಷೆಯಲ್ಲೇ. ತಿಳಿಯದಿದ್ದರೆ ಕೈಸನ್ನೆ, ಇಂಗ್ಲಿಷ್‌ಗೆ ಜಾರೋ ಹಾಗಿಲ್ಲ. ವಾರಕ್ಕೆ ಹತ್ತೇ ಗಂಟೆ ಹಿಡಿದರೂ ವರ್ಷಕ್ಕೆ 48 ವಾರದಂತೆ ಮೂರು ವರ್ಷಕ್ಕೆ 1,440 ಗಂಟೆ.

ಇಬ್ಬರು ಸಂಬಳದವರಲ್ಲಿ ಒಬ್ಬರು ಜೋಡಿಗಳನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಸುರುಳಿಟೇಪು ಅವರು ಹೇಳಿದ ಮುದ್ರಣ ಮತ್ತು ಬರವಣಿಗೆಯನ್ನು. ಐದಾರು ಜೋಡಿ ಸಾಕು. ಶಿಷ್ಯರನ್ನು ಆರಿಸುವಾಗ ಅರ್ಥವಾಗಿಯೂ ಬಾಯಿ ಬಾರದ ಆ ನಡುವಯಸ್ಸಿನವರನ್ನೇ ಮೊದಲು ತಗೊಳ್ಳಿ; ಬೇರೆಯವರಿಗೆ ಮೂರು ವರ್ಷ ಹಿಡಿಯೋದು ಇವರಿಗೆ ಬಹಳ ಬೇಗ ಬರುತ್ತೆ, ಅದೇ ಮನೆಯಲ್ಲಿ ಮಕ್ಕಳೂ ಇರ್ತಾರೆ. ಎರಡನೇ ವರ್ಷದ ನಡುವಿನಲ್ಲಿ ಅದೇ ಕಟ್ಟಡದಲ್ಲಿ ಗೂಡು ತೆರೆಯಿರಿ, ಈ ಶಿಷ್ಯರೇ ಅಜ್ಜಿಯರ ಜೊತೆ ಮಕ್ಕಳನ್ನು ಎತ್ತುವವರು. ಮೊದಲೇ ತೆರೆದರೆ ಎತ್ತುವವರ ಬಾಯಲ್ಲಿ ತಪ್ಪು ಭಾಷೆ ಇರುತ್ತೆ, ಮಕ್ಕಳು ಅದನ್ನೇ ಗಟ್ಟಿ ಮಾಡಿಕೊಳ್ತಾರೆ. ನಿಘಂಟು ಪರಿಷ್ಕರಣೆ ನಾಲ್ಕನೇ ವರ್ಷಕ್ಕೆ ಇಟ್ಟುಕೊಳ್ಳಿ.

ಸುರುಳಿಟೇಪು:

ಒಪ್ಪಿದೆ. ಮುದ್ರಣದ ಬಗ್ಗೆ ಒಂದು ಬಿಟ್ಟುಹೋಗಿತ್ತು. ಹಿರಿಯರ ಮನೆಯಲ್ಲಿ ಮುದ್ರಿಸುವಾಗ ಫ್ಯಾನ್ ನೆನಪಿರುತ್ತೆ, ಫ್ರಿಜ್ ನೆನಪಿರಲ್ಲ. ಅದರ ಗುಂಯ್ ಅನ್ನೋ ದನಿ ಆಮೇಲೆ ತೆಗೆಯೋಕೆ ಬರಲ್ಲ. ಆಫ್ ಮಾಡಿ, ನಿಮ್ಮ ಗಾಡಿಯ ಕೀಲಿಯನ್ನು ಆ ಫ್ರಿಜ್ ಒಳಗೇ ಇಡಿ. ಹೊರಡುವಾಗ ಕೀಲಿ ತೆಗೀಬೇಕಲ್ಲ, ಆಗ ತಿರುಗಿ ಆನ್ ಮಾಡೋದು ಮರೆಯಲ್ಲ.